ಸಂಘಕ್ಕೆ ಇಬ್ರು ಮುಂದಾಳು: ಜವಾಬ್ದಾರಿ ಹಂಚ್ಕೊಳ್ಳೋ ಒಪ್ಪಂದ ಬರೆಯೋದು ಹೇಗೆ

ನಮ್ಮೂರಲ್ಲಿ ಮಕ್ಕಳಿಗೋಸ್ಕರ ಒಂದು ಸಣ್ಣ ಗ್ರಂಥಾಲಯ ಇದೆ, ಅದನ್ನ ನಡೆಸೋದು ಒಂದು ರಿಜಿಸ್ಟರ್ಡ್ ಸಂಘ, ಏಪ್ರಿಲ್ ಮೇ ಬಂತು ಅಂದ್ರೆ ಬೇಸಿಗೆ ಶಿಬಿರ, ನವೆಂಬರಿಗೆ ರಾಜ್ಯೋತ್ಸವ, ಮಧ್ಯೆ ಮಧ್ಯೆ ಪುಸ್ತಕ ಸಂಗ್ರಹ, ಹೀಗೆ ನಡ್ಕೊಂಡ್ ಹೋಗ್ತಿತ್ತು. 11 ವರ್ಷ ಒಬ್ಬರೇ ಅಧ್ಯಕ್ಷರು ಎಲ್ಲಾನೂ ತಲೆ ಮೇಲೆ ಹೊತ್ಕೊಂಡು ಮಾಡಿದ್ರು, ನಾವೆಲ್ಲ ಕುರ್ಚಿ ಹಾಕೋಕೆ, ಊಟ ಬಡಿಸೋಕೆ ಹೋಗ್ತಿದ್ವಿ. ಒಂದಿನ ಅವರಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದ್ರು. ದೇವರ ದಯೆ, ಹುಷಾರಾದ್ರು. ಆದ್ರೆ ಆ ಎರಡು ತಿಂಗಳು ಚೆಕ್ ಬುಕ್ ಎಲ್ಲಿದೆ, ಬಾಡಿಗೆ ಯಾವ ತಿಂಗಳ ತನಕ ಕಟ್ಟಿದಾರೆ, ಬೀರು ಬೀಗದ ಕೈ ಯಾರ ಹತ್ರ ಇದೆ, ಒಂದೂ ನಮಗೆ ಗೊತ್ತಿರ್ಲಿಲ್ಲ. ಆಸ್ಪತ್ರೆ ಮಂಚದ ಪಕ್ಕ ನಿಂತ್ಕೊಂಡು ಅಂಥಾ ಮನುಷ್ಯರನ್ನ ಬಾಡಿಗೆ ವಿಷಯ ಕೇಳ್ಬೇಕಾಗಿ ಬಂತಲ್ಲ, ಅದು ನೆನೆಸ್ಕೊಂಡ್ರೆ ಇವತ್ತಿಗೂ ಸಂಕಟ ಆಗತ್ತೆ.

ಅದಾದ್ಮೇಲೆ ಮಹಾಸಭೇಲಿ, ಇನ್ಮೇಲೆ ಇಬ್ಬರು ಸೇರಿ ನಡೆಸ್ಲಿ ಅಂತ ತೀರ್ಮಾನ ಆಯ್ತು. ಒಬ್ಬಳು ನಾನು, ಇನ್ನೊಬ್ಬರು ನಾನು ಅಕ್ಕ ಅಂತ ಕರೆಯೋ ಒಬ್ಬ ರಿಟೈರ್ಡ್ ಟೀಚರು. ಮೊದಲ್ನೇ ವರ್ಷವೇ ಮುರ್ಕೊಂಡು ಬೀಳೋ ಹಂತಕ್ಕೆ ಹೋಯ್ತು. ಶಿಬಿರದ ಸಮಾರೋಪಕ್ಕೆ ನಾನೊಬ್ಬ ಮುಖ್ಯ ಅತಿಥೀನ ಒಪ್ಪಿಸಿದ್ದೆ, ಅಕ್ಕ ಇನ್ನೊಬ್ಬರನ್ನ ಒಪ್ಪಿಸಿದ್ರು, ಗೊತ್ತಾಗಿದ್ದು ಕಾರ್ಡ್ ಪ್ರಿಂಟಿಗೆ ಹೋಗೋ ಹಿಂದಿನ ರಾತ್ರಿ. "ನಂಗೊಂದ್ ಮಾತು ಹೇಳ್ಬಾರ್ದಾಗಿತ್ತಾ ಅಕ್ಕ?" ಅಂದೆ. "ನೀನೂ ಹೇಳ್ಲಿಲ್ವಲ್ಲಮ್ಮ" ಅಂದ್ರು. ಇಬ್ರೂ ಬೇಕೂಂತ ಮಾಡಿದ್ದಲ್ಲ, ಅತಿಥಿ ಕರೆಯೋದು ಯಾರ ಕೆಲಸ ಅಂತ ಎಲ್ಲೂ ಬರ್ಕೊಂಡಿರ್ಲಿಲ್ಲ. ಒಂದು ವಾರ ಮಾತು ಬಿಟ್ವಿ. ಆಮೇಲೆ ಅಕ್ಕನೇ ಮನೆಗೆ ಬಂದು ಕಾಫಿ ಕುಡೀತಾ "ಬಾ, ಕೂತು ಬರ್ದುಬಿಡಣ" ಅಂದ್ರು, ಎರಡು ಪುಟ ಆಯ್ತು. ಆ ಎರಡು ಪುಟಕ್ಕೆ ಈಗ 5 ವರ್ಷ, ಆಗಾಗ ತಿದ್ದಿದೀವಿ, ಆದ್ರೆ ಅದು ಇಲ್ದೇ ಇದ್ದಿದ್ರೆ ಗ್ರಂಥಾಲಯದ ಬಾಗಿಲು ಮುಚ್ಚಿರ್ತಿತ್ತು ಅನ್ನೋದ್ರಲ್ಲಿ ನಂಗೆ ಅನುಮಾನ ಇಲ್ಲ.

ಯುವಕ ಮಂಡಲ, ನಾಟಕ ತಂಡ, ಗಣಪತಿ ಸಮಿತಿ, ಅಪಾರ್ಟ್‌ಮೆಂಟ್ ಅಸೋಸಿಯೇಷನ್, ಹೊರರಾಜ್ಯದ ಕನ್ನಡ ಸಂಘ, ಎಲ್ಲಿ ಇಬ್ರು ಮೂರು ಜನ ಸೇರಿ ಮುಂದೆ ನಿಂತು ನಡೆಸ್ಬೇಕು ಅನ್ಕೊಂಡಿದೀರೋ ಅವರಿಗೆ ಉಪಯೋಗ ಆಗ್ಲಿ ಅಂತ ನಾವು ಮಾಡಿದ ಕ್ರಮದಲ್ಲೇ ಬರೀತಿದೀನಿ.

ಮೊದಲು ಸುತ್ತಮುತ್ತ ಇರೋದನ್ನ ನೋಡಿ

ಇಬ್ಬರು ಸೇರಿ ನಡೆಸೋದು ಹೊಸದೇನಲ್ಲ. ನಿಮ್ಮೂರ ಸ್ತ್ರೀಶಕ್ತಿ ಸಂಘಕ್ಕೆ ಹೋಗಿ ಒಂದ್ಸಲ ಮೀಟಿಂಗಲ್ಲಿ ಕೂತ್ಕೊಂಡು ಬನ್ನಿ. 10ರಿಂದ 20 ಜನ ಇರೋ ಗುಂಪು, ಅಲ್ಲಿ ಸಾಮಾನ್ಯವಾಗಿ ಅಧ್ಯಕ್ಷೆ ಅಂತ ಒಬ್ಬರು ಇರಲ್ಲ, ಒಂದನೇ ಪ್ರತಿನಿಧಿ ಎರಡನೇ ಪ್ರತಿನಿಧಿ ಅಂತ ಇರ್ತಾರೆ, ಬ್ಯಾಂಕಿಗೆ ಇಬ್ಬರೂ ಸಹಿ ಹಾಕ್ತಾರೆ, ಒಂದಷ್ಟು ಅವಧಿ ಆದ್ಮೇಲೆ ಪ್ರತಿನಿಧಿಗಳನ್ನ ಬದಲಾಯಿಸ್ತಾರೆ. ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾಗಿದ್ದು 2000-01ರಲ್ಲಿ, ಅದಕ್ಕೂ ಮೊದ್ಲೇ 1992ರಲ್ಲಿ ನಬಾರ್ಡ್ (ಕೃಷಿ, ಗ್ರಾಮಾಭಿವೃದ್ಧಿಗೆ ಇರೋ ರಾಷ್ಟ್ರೀಯ ಬ್ಯಾಂಕು) ಸ್ವಸಹಾಯ ಸಂಘಗಳನ್ನ ಬ್ಯಾಂಕಿಗೆ ಜೋಡಿಸೋ ಕೆಲಸ ಶುರು ಮಾಡಿತ್ತು. ಇಷ್ಟು ವರ್ಷ ಲಕ್ಷಾಂತರ ಹೆಣ್ಮಕ್ಕಳು ಈ ಪದ್ಧತೀಲಿ ದುಡ್ಡು ಉಳಿಸಿ ಸಾಲ ಕೊಟ್ಟು ವಾಪಸ್ ತಗೊಂಡಿದಾರೆ. ಅವರ ಹತ್ರ ಕಲಿಯೋದು ಬಿಟ್ಟು ನಾವು ಇಂಟರ್ನೆಟ್ಟಲ್ಲಿ ಕಂಪನಿಗಳ ಕಥೆ ಹುಡುಕ್ತಾ ಕೂರ್ತೀವಿ. ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅದರ ಖಾತೆ ನೋಡಿ, ಅದೂ ಹೆಡ್ ಮಾಸ್ಟ್ರು ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಸಹೀಲೇ ನಡೆಯೋದು.

ಇವೆರಡರಲ್ಲೂ ಗಮನಿಸ್ಬೇಕಾದ್ದು ಏನಂದ್ರೆ, ಯಾವುದಕ್ಕೆ ಇಬ್ಬರೂ ಬೇಕು, ಯಾವುದಕ್ಕೆ ಒಬ್ಬರೇ ಸಾಕು ಅಂತ ಮೊದ್ಲೇ ಗೊತ್ತಿರತ್ತೆ. ದುಡ್ಡು ತೆಗಿಯೋಕೆ ಇಬ್ಬರೂ ಬೇಕು, ಮಕ್ಕಳಿಗೆ ಪಾಠ ಯಾವುದು ಅನ್ನೋದಕ್ಕೆ ಮೇಷ್ಟ್ರೊಬ್ಬರೇ ಸಾಕು. ನಿಮ್ಮ ಒಪ್ಪಂದದ ಜೀವ ಇರೋದೂ ಅಲ್ಲೇ.

ಬೈಲಾ ತೆಗೆದು ಓದಿ

ಸಂಘ ರಿಜಿಸ್ಟರ್ ಆಗಿದ್ರೆ ಅದು ಬಹುಶಃ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೆಳಗೆ ಆಗಿರತ್ತೆ, ಅದಕ್ಕೆ ಕಮ್ಮಿ ಅಂದ್ರೂ 7 ಜನ ಬೇಕು, ಜೊತೆಗೆ ಒಂದು ಬೈಲಾ, ಅಂದ್ರೆ ಸಂಘದ ನಿಯಮಾವಳಿ, ಕೊಟ್ಟಿರ್ತೀರಿ. ತುಂಬಾ ಸಂಘಗಳಲ್ಲಿ ಈ ಬೈಲಾ ಯಾರೋ ಟೈಪಿಸ್ಟ್ ಹತ್ರ ಇದ್ದ ಹಳೇ ನಮೂನೆಯ ನಕಲು, ಒಬ್ಬರೂ ಓದಿರಲ್ಲ. ಓದಿ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಏನೇನು ಮಾಡ್ಬೇಕು, ಖಾತೆಗೆ ಯಾರ್ಯಾರು ಸಹಿ, ಕೋರಂ ಎಷ್ಟು (ಸಭೆ ನಡೆಯೋಕೆ ಕಮ್ಮಿ ಅಂದ್ರೂ ಎಷ್ಟು ಜನ ಇರ್ಬೇಕು), ಎಲ್ಲಾ ಅದ್ರಲ್ಲಿರತ್ತೆ.

ಅಲ್ಲಿ "ಒಬ್ಬ ಅಧ್ಯಕ್ಷರು" ಅಂತ ಇದೆ, ನಾವು ಇಬ್ಬರು, ಈಗೇನು ಮಾಡೋದು? ದಾರಿ ಎರಡು. ಬೈಲಾನೇ ತಿದ್ದುಪಡಿ ಮಾಡೋದು ಒಂದು, ಅದಕ್ಕೆ ಮಹಾಸಭೇಲಿ ಪಾಸ್ ಮಾಡಿ ರಿಜಿಸ್ಟ್ರಾರ್ ಆಫೀಸಲ್ಲಿ ದಾಖಲು ಮಾಡಿಸ್ಬೇಕು, ಓಡಾಟ ಜಾಸ್ತಿ. ಇನ್ನೊಂದು ನಾವು ಮಾಡಿದ್ದು: ಕಾಗದದ ಮೇಲೆ ಅಕ್ಕ ಅಧ್ಯಕ್ಷರು, ನಾನು ಕಾರ್ಯದರ್ಶಿ, ಇದ್ದ ಸ್ಥಾನಗಳೇ, ಆದ್ರೆ ಕಾರ್ಯಕಾರಿ ಸಮಿತೀಲಿ ಒಂದು ಠರಾವು ಪಾಸ್ ಮಾಡಿ "ಈ ಇಬ್ಬರೂ ಕೆಳಗಿನ ಒಪ್ಪಂದದ ಪ್ರಕಾರ ಸಮಾನವಾಗಿ ಸಂಘ ನಡೆಸ್ತಾರೆ" ಅಂತ ಬರೆದು ಒಪ್ಪಂದಾನ ಅದಕ್ಕೆ ಲಗತ್ತಿಸಿದ್ವಿ. ಸಣ್ಣ ಸಂಘಕ್ಕೆ ಇದೇ ಸುಲಭ ಅಂತ ನನ್ನ ಅಭಿಪ್ರಾಯ. ಒಂದು ಎಚ್ಚರಿಕೆ ಮಾತ್ರ, ಬೈಲಾಗೆ ವಿರುದ್ಧ ಆಗೋ ಯಾವ ಸಾಲೂ ಒಪ್ಪಂದದಲ್ಲಿ ಇರ್ಬಾರ್ದು, ಎರಡಕ್ಕೂ ತಕರಾರು ಬಂದ್ರೆ ನಿಲ್ಲೋದು ಬೈಲಾನೇ. ಮತ್ತೆ ನೋಟಿಸು ಗೀಟಿಸು ಬಂದ್ರೆ ಬರೋದು ಕಾಗದದಲ್ಲಿ ಹೆಸರಿರೋರಿಗೆ, ಹಂಗಾಗಿ ಹೆಸರಿರೋರಿಗೆ ಗೊತ್ತಿಲ್ದೇ ಸರ್ಕಾರಿ ಕಾಗದ ಯಾವುದೂ ಹೊರಗೆ ಹೋಗ್ಬಾರ್ದು ಅಂತ ಸೇರಿಸ್ಕೊಳ್ಳಿ. ಟ್ರಸ್ಟ್ ಆಗಿದ್ರೆ ಬೈಲಾ ಬದಲು ಟ್ರಸ್ಟ್ ಡೀಡ್ ಓದಿ, ಅಲ್ಲಿ ಟ್ರಸ್ಟಿಗಳು ಒಟ್ಟಿಗೆ ತೀರ್ಮಾನ ಮಾಡ್ಬೇಕಾದ ವಿಷಯಗಳು ಇನ್ನೂ ಬಿಗಿಯಾಗಿ ಇರ್ಬಹುದು.

ವರ್ಷದ ಕೆಲಸಾನ ಒಂದು ಉದ್ದ ಪಟ್ಟಿ ಮಾಡಿ

ಇದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಕೊಡಿ. ನಾವು ಹಳೇ ಕ್ಯಾಲೆಂಡರ್ ಮುಂದೆ ಇಟ್ಕೊಂಡು ಏಪ್ರಿಲಿಂದ ಮಾರ್ಚ್ ತನಕ ಒಂದೊಂದ್ ತಿಂಗಳೂ ಏನೇನು ಮಾಡಿದ್ವಿ ಅಂತ ನೆನೆಸ್ಕೊಂಡು ಬರ್ಕೊಂಡ್ವಿ. ದೊಡ್ಡ ಕೆಲಸ ಎಲ್ಲರಿಗೂ ನೆನಪಿರತ್ತೆ, ಸಣ್ಣದೇ ಮರ್ತು ಹೋಗೋದು, ಜಗಳ ಹುಟ್ಟೋದೂ ಅಲ್ಲೇ. ಕರೆಂಟ್ ಬಿಲ್ ಕಟ್ಟೋದು, ಕಸ ಗುಡಿಸೋ ಅಮ್ಮನಿಗೆ ಸಂಬಳ ಕೊಡೋದು, ಶಿಬಿರಕ್ಕೆ ಮೈಕ್ ಸೆಟ್ಟಿನವರಿಗೆ ಅಡ್ವಾನ್ಸು, ಮಕ್ಕಳಿಗೆ ಮಧ್ಯಾಹ್ನ ಮಜ್ಜಿಗೆ ಅನ್ನ ಕಳ್ಸೋ ಮನೆಗಳ ಪಟ್ಟಿ, ಅತಿಥಿ ಬಂದಾಗ ಬಸ್ ಸ್ಟ್ಯಾಂಡಿಂದ ಕರ್ಕೊಂಡ್ ಬರೋದು, ಫೋಟೋ ತೆಗೆಸೋದು, ಪೇಪರಿಗೆ ಸುದ್ದಿ ಕಳ್ಸೋದು, ದೇಣಿಗೆ ಕೊಟ್ಟೋರಿಗೆ ರಸೀದಿ ಮತ್ತೆ ಒಂದು ಥ್ಯಾಂಕ್ಸ್ ಫೋನು, ಮಹಾಸಭೆ ನೋಟಿಸ್ ಕಳ್ಸೋದು, ಆಡಿಟರ್ ಹತ್ರ ಲೆಕ್ಕ ಕೊಡೋದು, ಮಹಾಸಭೆ ಆದ್ಮೇಲೆ ಆಡಳಿತ ಮಂಡಳಿ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕ ಸಂಘಗಳ ರಿಜಿಸ್ಟ್ರಾರ್ ಆಫೀಸಿಗೆ ಸಲ್ಲಿಸೋದು. ಈ ಕೊನೇದನ್ನ ವರ್ಷಗಟ್ಲೆ ಮಾಡ್ದೇ ಬಿಟ್ಟಿರೋ ಸಂಘಗಳು ತುಂಬಾ ಇವೆ, ಯಾಕಂದ್ರೆ ಅದು ಯಾರ ಹೆಸರಲ್ಲೂ ಇರಲ್ಲ, ಅಧ್ಯಕ್ಷರು ಕಾರ್ಯದರ್ಶಿ ಮಾಡ್ತಾರೆ ಅನ್ಕೊಂಡಿರ್ತಾರೆ, ಕಾರ್ಯದರ್ಶಿ ಆಡಿಟರ್ ಮಾಡ್ತಾರೆ ಅನ್ಕೊಂಡಿರ್ತಾರೆ, ಕೊನೆಗೆ ಯಾವುದೋ ಅನುದಾನಕ್ಕೆ ಅರ್ಜಿ ಹಾಕೋಕೆ ಹೋದಾಗ ಎಲ್ಲಾ ವರ್ಷದ್ದು ಒಟ್ಟಿಗೆ ಮೈಮೇಲೆ ಬೀಳತ್ತೆ.

ನಮ್ಮ ಪಟ್ಟಿ 43 ಕೆಲಸ ಆಯ್ತು. ಅದ್ರಲ್ಲಿ 30ಕ್ಕೂ ಮೇಲೆ ಹಳೇ ಅಧ್ಯಕ್ಷರೊಬ್ಬರೇ ಮಾಡ್ತಿದ್ರು ಅಂತ ಆವತ್ತು ಗೊತ್ತಾಗಿ ಅಕ್ಕಂಗೆ ಕಣ್ಣಲ್ಲಿ ನೀರು ಬಂತು.

ಒಂದು ಕೆಲಸಕ್ಕೆ ಒಬ್ಬರದೇ ಕೊನೆ ಮಾತು

ಇಬ್ಬರು ಮುಂದಾಳು ಅಂದ್ರೆ ಪ್ರತಿಯೊಂದಕ್ಕೂ ಇಬ್ಬರೂ ತಲೆ ಹಾಕೋದು ಅನ್ಕೊಂಡ್ರೆ ಕೆಲಸ ಸಾಗಲ್ಲ. ಎಲ್ಲರೂ ಪಲ್ಲಕ್ಕಿ ಏರಿದ್ರೆ ಹೊರೋರ್ಯಾರು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಪಟ್ಟೀಲಿರೋ ಒಂದೊಂದ್ ಕೆಲಸದ ಮುಂದೆ ಒಂದೇ ಹೆಸರು ಬರೀರಿ. "ಇಬ್ಬರೂ" ಅಂತ ಬರೆಯೋ ಆಸೆ ಆಗತ್ತೆ, ಸಂಕೋಚ ಆಗತ್ತೆ, ಆದ್ರೂ ಬರೀಬೇಡಿ. ಆಮೇಲೆ ಅದೇ ಕೆಲಸದ ಮುಂದೆ ಇನ್ನೊಬ್ಬರ ಪಾತ್ರ ಏನು ಅಂತ ಈ ಮೂರರಲ್ಲಿ ಒಂದು ಹಾಕಿ:

"ಮಾಡಿ ತಿಳಿಸು" — ದಿನನಿತ್ಯದ ಕೆಲಸ. ಕರೆಂಟ್ ಬಿಲ್, ಪುಸ್ತಕಕ್ಕೆ ಬೈಂಡಿಂಗು, ಪೇಪರ್ ಸುದ್ದಿ. ಮಾಡಿ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿದ್ರೆ ಸಾಕು.

"ಕೇಳಿ ಮಾಡು" — ಮಾಡೋರು ಒಬ್ಬರೇ, ಆದ್ರೆ ಮೊದ್ಲು ಇನ್ನೊಬ್ಬರ ಅಭಿಪ್ರಾಯ ಕೇಳ್ಬೇಕು, ಕೇಳಿದ್ಮೇಲೂ ತೀರ್ಮಾನ ಹೆಸರಿರೋರದ್ದೇ. ಅತಿಥಿ ಕರೆಯೋದು ನಮ್ಮಲ್ಲಿ ಇದಕ್ಕೆ ಬಂತು, ಹೆಸರು ಅಕ್ಕಂದು. ನಾನು ಹೇಳಿದ ಅತಿಥೀನ ಎರಡು ಸಲ ಅಕ್ಕ ಬೇಡ ಅಂದಿದಾರೆ, ಬೇಜಾರಾಯ್ತು, ಆದ್ರೆ ಒಪ್ಪಂದ ಅದೇ ಇತ್ತು, ಸುಮ್ನಾದೆ.

"ಕೂತೇ ಮಾಡ್ಬೇಕು" — ಇಬ್ಬರೂ ಒಪ್ಪಿದ್ರೆ ಮಾತ್ರ. ಇದು ಐದಾರಕ್ಕಿಂತ ಜಾಸ್ತಿ ಇರ್ಬಾರ್ದು. ನಮ್ಮದ್ರಲ್ಲಿ ಐದಿದೆ: ವರ್ಷದ ಬಜೆಟ್ಟು, ಬಾಡಿಗೆ ಕರಾರು, ಕೆಲಸಕ್ಕೆ ಜನ ತಗೊಳ್ಳೋದು ಬಿಡಿಸೋದು, ಸಂಘದ ಹೆಸರಲ್ಲಿ ಸಾಲ ಅಥವಾ ದೊಡ್ಡ ದೇಣಿಗೆ, ಇನ್ನೊಂದು ಸಂಸ್ಥೆ ಜೊತೆ ಕೈ ಜೋಡಿಸೋದು.

ಕೆಲಸ ಹಂಚುವಾಗ ಒಬ್ಬರಿಗೆ ಬರೀ ವೇದಿಕೆ ಮೇಲಿನ ಕೆಲಸ, ಇನ್ನೊಬ್ಬರಿಗೆ ಬರೀ ಪಾತ್ರೆ ತೊಳೆಯೋ ಕೆಲಸ ಬಂದಿದೆಯಾ ನೋಡ್ಕೊಳ್ಳಿ. ಗಂಡಸು ಹೆಂಗಸು ಸೇರಿ ನಡೆಸೋ ಕಡೆ ಇದು ತುಂಬಾ ಆಗತ್ತೆ, ಭಾಷಣ ಮತ್ತೆ ಬ್ಯಾಂಕು ಅವರಿಗೆ, ತಿಂಡಿ ಮತ್ತೆ ರಂಗೋಲಿ ಇವರಿಗೆ. ವಯಸ್ಸಲ್ಲಿ ದೊಡ್ಡೋರು ಚಿಕ್ಕೋರು ಇದ್ರೂ ಅಷ್ಟೇ, ಕಂಪ್ಯೂಟರ್ ಕೆಲಸ ಎಲ್ಲಾ ಚಿಕ್ಕೋರ ತಲೆಗೆ ಕಟ್ತಾರೆ. ಅದಕ್ಕೆ ನಾವು ಪ್ರತಿ ವರ್ಷ ನಾಲ್ಕು ಕೆಲಸ ಅದಲು ಬದಲು ಮಾಡ್ಕೋತೀವಿ. ಅಕ್ಕ 63ನೇ ವಯಸ್ಸಲ್ಲಿ ಎಕ್ಸೆಲ್ ಶೀಟಲ್ಲಿ ಲೆಕ್ಕ ಹಾಕೋದು ಕಲಿತ್ರು, ನಾನು ನಿರೂಪಣೆ ಮಾಡೋದು ಕಲಿತೆ.

ದುಡ್ಡಿನ ವಿಷಯ ಬಿಡಿಸಿ ಬಿಡಿಸಿ ಬರೀರಿ

ಎಷ್ಟೇ ನಂಬಿಕೆ ಇದ್ರೂ ಲೆಕ್ಕ ಲೆಕ್ಕಾನೇ. ಇಬ್ಬರ ಮಧ್ಯೆ ನಂಬಿಕೆ ಚೆನ್ನಾಗಿರೋವಾಗಲೇ ಬರ್ಕೊಳ್ಳಿ, ಕೆಟ್ಟ ಮೇಲೆ ಬರೆಯೋಕೆ ಕೂತ್ರೆ ಪ್ರತಿ ಸಾಲೂ ಆರೋಪದ ಥರ ಕಾಣತ್ತೆ.

ಬ್ಯಾಂಕಿಗೆ ಸಹಿ ಯಾರ್ಯಾರು ಅಂತ ಸಮಿತಿ ಠರಾವು ಕೊಡ್ಬೇಕು. ಅಲ್ಲಿ ಇಬ್ಬರ ಹೆಸರು ಮಾತ್ರ ಕೊಟ್ಟು "ಇಬ್ಬರೂ ಸಹಿ ಹಾಕ್ಲೇಬೇಕು" ಅಂದ್ರೆ ಒಬ್ಬರು ಹುಷಾರು ತಪ್ಪಿದ್ರೆ, ಮಗಳ ಬಾಣಂತನಕ್ಕೆ ಬೇರೆ ಊರಿಗೆ ಹೋದ್ರೆ ಖಾತೆ ನಿಂತೇ ಹೋಗತ್ತೆ. ಅದರ ಬದಲು ಮೂರು ಹೆಸರು ಕೊಡಿ, ಅಧ್ಯಕ್ಷರು ಕಾರ್ಯದರ್ಶಿ ಖಜಾಂಚಿ, ಮೂವರಲ್ಲಿ ಯಾರಾದ್ರೂ ಇಬ್ಬರ ಸಹಿ ಅಂತ. "ಯಾರಾದ್ರೂ ಒಬ್ಬರು" ಅನ್ನೋ ಆಯ್ಕೆಗೆ ಮಾತ್ರ ಹೋಗ್ಬೇಡಿ, ಅನುಕೂಲ ಅಂತ ಕಾಣ್ಸತ್ತೆ, ಒಂದು ಸಂಘದಲ್ಲಿ ಹಂಗೆ ಮಾಡ್ಕೊಂಡು ಒಬ್ಬರು ಕೊಟ್ಟ ಚೆಕ್ಕು ಇನ್ನೊಬ್ಬರಿಗೆ ಗೊತ್ತಿಲ್ದೇ ಬೌನ್ಸ್ ಆಗಿದ್ದು ನಾನೇ ನೋಡಿದೀನಿ. ಖಾಲಿ ಚೆಕ್ಕಿಗೆ ಮೊದ್ಲೇ ಸಹಿ ಹಾಕಿಡೋ ಅಭ್ಯಾಸನೂ ಬೇಡ, ಅದು ಎರಡು ಸಹಿ ಅನ್ನೋ ಮಾತನ್ನೇ ಸುಳ್ಳು ಮಾಡತ್ತೆ.

ಯುಪಿಐ ಬಂದ್ಮೇಲೆ ಒಂದು ತೊಡಕು ಶುರುವಾಗಿದೆ. ಜಂಟಿ ಸಹಿ ಬೇಕಾದ ಖಾತೆಯಿಂದ ಸಾಮಾನ್ಯವಾಗಿ ಯುಪಿಐಲಿ ದುಡ್ಡು ಕಳ್ಸೋಕೆ ಬರಲ್ಲ, ಹಂಗಾಗಿ ಯಾರೋ ಒಬ್ಬರು ತಮ್ಮ ಸ್ವಂತ ಫೋನ್‌ಪೇ ಇಂದ ಕೊಟ್ಟು ಆಮೇಲೆ ಸಂಘದಿಂದ ತಗೋತಾರೆ, ಇನ್ನೂ ಕೆಟ್ಟದ್ದು ಅಂದ್ರೆ ಶಿಬಿರದ ಫೀಸು ಸ್ವಂತ ನಂಬರಿಗೆ ಹಾಕಿಸ್ಕೋತಾರೆ. ಎರಡನೇದು ಬೇಡವೇ ಬೇಡ. ಬ್ಯಾಂಕಲ್ಲಿ ಕೇಳಿದ್ರೆ ಸಂಘದ ಖಾತೆಗೇ ಕ್ಯೂಆರ್ ಕೋಡ್ ಕೊಡ್ತಾರೆ, ಬರೋ ದುಡ್ಡೆಲ್ಲಾ ಅಲ್ಲಿಗೇ ಬರ್ಲಿ. ನೆಟ್ ಬ್ಯಾಂಕಿಂಗ್ ಬೇಕು ಅಂದ್ರೆ ಒಬ್ಬರು ಎಂಟ್ರಿ ಮಾಡಿ ಇನ್ನೊಬ್ಬರು ಒಪ್ಪಿದ್ಮೇಲೇ ಹೋಗೋ ವ್ಯವಸ್ಥೆ ಇರತ್ತೆ, ಮೇಕರ್ ಚೆಕರ್ ಅಂತಾರೆ, ಅದನ್ನೇ ಕೇಳಿ ತಗೊಳ್ಳಿ.

ಮಿತಿ ಬರೀರಿ. ನಮ್ಮದು ಹೀಗಿದೆ: 2,000 ರೂಪಾಯಿ ತನಕ ಕೆಲಸದ ಹೆಸರಿರೋರೇ ಖರ್ಚು ಮಾಡಿ ಬಿಲ್ ಕೊಡ್ಬಹುದು, 10,000ದ ತನಕ ಇಬ್ಬರೂ ಮೆಸೇಜಲ್ಲಿ ಒಪ್ಪಿರ್ಬೇಕು, ಅದಕ್ಕೂ ಮೇಲೆ ಸಮಿತಿ. ನಿಮ್ಮ ಸಂಘದ ಗಾತ್ರಕ್ಕೆ ತಕ್ಕಂಗೆ ಅಂಕಿ ಬದಲಾಯಿಸ್ಕೊಳ್ಳಿ. ಕೈಯಿಂದ ಹಾಕಿದ ದುಡ್ಡಿಗೆ ಬಿಲ್ಲು 15 ದಿನದೊಳಗೆ ಕೊಡ್ಬೇಕು, ಕೊಟ್ಟ 15 ದಿನದೊಳಗೆ ಸಂಘ ವಾಪಸ್ ಕೊಡ್ಬೇಕು, ಎರಡೂ ಕಡೆಗೂ ಗಡುವು ಇರ್ಲಿ. ಈ ಸಾಲು ಇಲ್ದೇ ಇದ್ರೆ ಇರೋರು ಕೈಯಿಂದ ಹಾಕ್ತಾನೇ ಇರ್ತಾರೆ, ಇಲ್ದೇ ಇರೋರಿಗೆ ಆ ಜಾಗಕ್ಕೆ ಬರೋಕೆ ಧೈರ್ಯನೇ ಬರಲ್ಲ. ಸಂಘಗಳಲ್ಲಿ ಮುಂದಾಳ್ತನ ಅನುಕೂಲಸ್ಥರ ಕೈಯಲ್ಲೇ ಉಳ್ಕೊಳ್ಳೋಕೆ ಇದೊಂದು ದೊಡ್ಡ ಕಾರಣ ಅಂತ ನಂಗೆ ಅನ್ಸತ್ತೆ.

ಓಟಿಪಿ ಬರೋ ಫೋನ್ ಯಾರ ಹತ್ರ?

ಬೀರು ಬೀಗದ ಕೈ ಥರಾನೇ ಇದು ಈಗಿನ ಕಾಲದ ಬೀಗದ ಕೈ. ಬ್ಯಾಂಕಿಗೆ, ಇನ್‌ಕಮ್ ಟ್ಯಾಕ್ಸ್ ವೆಬ್‌ಸೈಟಿಗೆ, ಈಮೇಲಿಗೆ, ಫೇಸ್‌ಬುಕ್ ಪೇಜಿಗೆ ಎಲ್ಲದಕ್ಕೂ ಒಬ್ಬರ ಸ್ವಂತ ನಂಬರ್ ಕೊಟ್ಟಿದ್ರೆ ಆ ಒಬ್ಬರೇ ನಿಜವಾದ ಅಧ್ಯಕ್ಷರು, ಒಪ್ಪಂದದಲ್ಲಿ ಏನ್ ಬರೆದಿದ್ರೂ ಅಷ್ಟೇ. ಸಂಘದ ಹೆಸರಲ್ಲಿ ಒಂದು ಸಣ್ಣ ಫೋನು, ಒಂದು ಸಿಮ್ಮು ತಗೊಳ್ಳಿ, ಅದು ಗ್ರಂಥಾಲಯದಲ್ಲೋ ಆಫೀಸಲ್ಲೋ ಇರ್ಲಿ, ರೀಚಾರ್ಜ್ ಮಾಡೋದು ಪಟ್ಟೀಲಿ ಒಂದು ಕೆಲಸ ಆಗ್ಲಿ, ಇಲ್ಲಾಂದ್ರೆ ನಂಬರ್ ಡೆಡ್ ಆಗತ್ತೆ. ಪಾಸ್‌ವರ್ಡ್ ಎಲ್ಲಾ ಒಂದು ಕಾಗದದಲ್ಲಿ ಬರೆದು ಕವರಲ್ಲಿ ಹಾಕಿ ಅಂಟಿಸಿ ಮೇಲೆ ಇಬ್ಬರೂ ಸಹಿ ಹಾಕಿ ಬೀರುವಲ್ಲಿಡಿ. ವಾಟ್ಸಾಪ್ ಗ್ರೂಪಿಗೆ ಇಬ್ಬರೂ ಅಡ್ಮಿನ್, ಪೇಜಿಗೂ ಇಬ್ಬರೂ ಅಡ್ಮಿನ್. ಅರ್ಧ ಗಂಟೆ ಕೆಲಸ.

ಕಾರ್ಡಲ್ಲಿ ಹೆಸರು, ವೇದಿಕೇಲಿ ಕುರ್ಚಿ

ಇದನ್ನ ಓದಿ "ಇಷ್ಟು ಸಣ್ಣ ವಿಷಯ ಬರೀಬೇಕಾ" ಅನ್ಸಬಹುದು, ಆದ್ರೆ ಕರ್ನಾಟಕದಲ್ಲಿ ಸಂಘಗಳು ಒಡೆದಿರೋದ್ರಲ್ಲಿ ಆಹ್ವಾನ ಪತ್ರಿಕೆ ಪಾಲು ಎಷ್ಟಿದೆ ಅಂತ ಯಾವ ಹಳೇ ಕಾರ್ಯದರ್ಶೀನ ಕೇಳಿದ್ರೂ ಹೇಳ್ತಾರೆ. ಹೆಸರು ಮೇಲೆ ಬಂತು ಕೆಳಗೆ ಬಂತು, ಅಕ್ಷರ ಸಣ್ಣದಾಯ್ತು, ಅಧ್ಯಕ್ಷತೆ ಅವರಿಗೆ ಕೊಟ್ಟು ನಮಗೆ ವಂದನಾರ್ಪಣೆ ಕೊಟ್ರು, ಶಾಲು ಹೊದೆಸುವಾಗ ಫೋಟೋದಲ್ಲಿ ನಾವಿರ್ಲಿಲ್ಲ. ಇದು ಮನಸ್ಸಿನ ಸಣ್ಣತನ ಅಂತ ತಳ್ಳಿ ಹಾಕೋದು ತಪ್ಪು. ಸಂಬಳ ಇಲ್ದೇ ವರ್ಷಪೂರ್ತಿ ದುಡಿಯೋರಿಗೆ ಸಿಗೋದು ಆ ಒಂದು ಗಳಿಗೆಯ ಮರ್ಯಾದೆ, ಅದೂ ಸಿಗ್ಲಿಲ್ಲ ಅಂದ್ರೆ ನೋವಾಗೋದು ಸಹಜ.

ನಾವು ಬರ್ಕೊಂಡಿರೋದು: ಕಾರ್ಡಲ್ಲಿ ಕೊನೆಗೆ ಇಬ್ಬರ ಹೆಸರೂ ಒಂದೇ ಸಾಲಲ್ಲಿ ಒಂದೇ ಅಳತೇಲಿ, ಅಕ್ಷರ ಕ್ರಮದಲ್ಲಿ. ಬೇಸಿಗೆ ಶಿಬಿರಕ್ಕೆ ಪ್ರಾಸ್ತಾವಿಕ ಮಾತು ಒಬ್ಬರದ್ದಾದ್ರೆ ರಾಜ್ಯೋತ್ಸವಕ್ಕೆ ಇನ್ನೊಬ್ಬರದು. ಅತಿಥಿ ಪಕ್ಕ ಕೂರೋದೂ ಅದೇ ಥರ ಸರದಿ. ಯಾರು ವೇದಿಕೆ ಮೇಲೆ ಇಲ್ವೋ ಅವರ ಹೆಸರನ್ನ ವೇದಿಕೇಲಿರೋರು ಹೇಳ್ಲೇಬೇಕು. ಕಾರ್ಡಿನ ಕರಡು ಇಬ್ಬರೂ ನೋಡಿ "ಸರಿ" ಅಂತ ಮೆಸೇಜ್ ಹಾಕೋ ತನಕ ಪ್ರೆಸ್ಸಿಗೆ ಹೋಗಲ್ಲ. ಇದಾದ್ಮೇಲೆ ಕಾರ್ಡಿನ ವಿಷಯಕ್ಕೆ ನಮ್ಮಲ್ಲಿ ಒಂದೇ ಒಂದ್ ಮಾತೂ ಬಂದಿಲ್ಲ.

ಇಬ್ಬರೂ ಪಟ್ಟು ಹಿಡಿದ್ರೆ

ಹಿಡೀತೀರಿ. "ಕೂತೇ ಮಾಡ್ಬೇಕು" ಪಟ್ಟೀಲಿರೋ ವಿಷಯಕ್ಕೆ ಒಮ್ಮತ ಬರ್ಲಿಲ್ಲ ಅಂದ್ರೆ ಮೆಟ್ಟಿಲು ಹೀಗಿರ್ಲಿ. ಮೊದಲು ಎರಡು ದಿನ ಆ ವಿಷಯ ಎತ್ತೋದೇ ಬೇಡ. ಆಮೇಲೆ ಒಪ್ಪಂದ ಬರೆಯುವಾಗಲೇ ಇಬ್ಬರೂ ಒಪ್ಪಿ ಹೆಸರಿಸಿರೋ ಒಬ್ಬ ಹಿರಿಯರ ಹತ್ರ ಇಬ್ಬರೂ ಒಟ್ಟಿಗೆ ಹೋಗ್ಬೇಕು, ಒಬ್ಬೊಬ್ಬರೇ ಹೋಗಿ ಕಿವಿ ಕಚ್ಚಬಾರ್ದು. ಅವರು ತೀರ್ಪು ಕೊಡ್ಬೇಕಾಗಿಲ್ಲ, ಕೇಳಿಸ್ಕೊಂಡ್ರೆ ಸಾಕು, ಅರ್ಧ ವಿಷಯ ಅಲ್ಲೇ ಕರಗತ್ತೆ. ಅಲ್ಲೂ ಆಗ್ಲಿಲ್ಲ ಅಂದ್ರೆ ಸಮಿತಿ ಮತಕ್ಕೆ ಹಾಕಿ, ಬಂದ ತೀರ್ಮಾನಾನ ಇಬ್ಬರೂ ಹೊರಗಡೆ ತಮ್ಮದೇ ತೀರ್ಮಾನ ಅಂತ ಹೇಳ್ಬೇಕು. ತೀರ್ಮಾನ ಆಗೋ ತನಕ ಇದ್ದದ್ದು ಇದ್ದಂಗೇ ಇರತ್ತೆ, ಹೊಸ ಖರ್ಚು ಇಲ್ಲ, ಹೊಸ ಮಾತು ಕೊಡಂಗಿಲ್ಲ.

ನಮ್ಮ ಹಿರಿಯರು ಯಾರು ಗೊತ್ತಾ, ಅದೇ ಹಳೇ ಅಧ್ಯಕ್ಷರು. ಮೂರು ಸಲ ಹೋಗಿದೀವಿ.

ಇಲ್ಲಿ ತನಕ ಬರಬಾರ್ದು ಅಂದ್ರೆ ವಾರಕ್ಕೊಂದ್ಸಲ ಮಾತಾಡಿ. ನಾವು ಭಾನುವಾರ ಬೆಳಗ್ಗೆ 7ಕ್ಕೆ ಫೋನಲ್ಲಿ ಮಾತಾಡ್ತೀವಿ, 20 ನಿಮಿಷ, ಮೂರೇ ಪ್ರಶ್ನೆ: ಈ ವಾರ ಏನಾಯ್ತು, ಬರೋ ವಾರ ಏನಿದೆ, ನನ್ನಿಂದ ಏನಾದ್ರೂ ಬೇಜಾರಾಯ್ತಾ. ಮೂರನೇದು ಕೇಳೋಕೆ ಮೊದಮೊದಲು ನಾಲಿಗೆ ಹೊರಳ್ತಿರ್ಲಿಲ್ಲ. ಅದೇ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿರೋದು. ಮತ್ತೆ ಒಂದು ನಿಯಮ, ಸಮಿತಿಯವರ ಎದುರಿಗೆ ಗ್ರೂಪಲ್ಲಿ ಒಬ್ಬರ ಮಾತನ್ನ ಇನ್ನೊಬ್ಬರು ಕಡಿಯಂಗಿಲ್ಲ, ಫೋನ್ ಮಾಡಿ ಹೇಳ್ಬೇಕು. ಮಕ್ಕಳು ಅಪ್ಪನ ಹತ್ರ ಆಗ್ದೇ ಇದ್ದಿದ್ದನ್ನ ಅಮ್ಮನ ಹತ್ರ ಕೇಳಿ ಮಾಡಿಸ್ಕೊಳ್ಳೋ ಥರ ದೊಡ್ಡೋರೂ ಮಾಡ್ತಾರೆ, ಒಬ್ಬರು ಇಲ್ಲ ಅಂದಿದ್ದಕ್ಕೆ ಇನ್ನೊಬ್ಬರ ಹತ್ರ ಬಂದ್ರೆ "ಅವರನ್ನ ಕೇಳಿ ಹೇಳ್ತೀನಿ" ಅನ್ನೋದೊಂದೇ ಉತ್ತರ.

ಇನ್ನೊಂದು ಸಂಸ್ಥೆ ಜೊತೆ ಸೇರಿ ಕಾರ್ಯಕ್ರಮ ಮಾಡ್ವಾಗ

ಇಬ್ಬರು ವ್ಯಕ್ತಿಗಳ ಒಪ್ಪಂದದಲ್ಲಿ ಕಲಿತಿದ್ದೇ ಎರಡು ಸಂಸ್ಥೆಗಳಿಗೂ ಬರತ್ತೆ, ಆದ್ರೆ ಒಂದೆರಡು ವಿಷಯ ಹೆಚ್ಚಿಗೆ ಇದೆ. ಎರಡೂ ಕಡೆಯಿಂದ ಮಾತಾಡೋಕೆ ಒಬ್ಬೊಬ್ಬರದ್ದೇ ಹೆಸರು ಬರೀರಿ. ರಸೀದಿ ಪುಸ್ತಕ ಯಾರದು, ಉಳಿದ ದುಡ್ಡು ಯಾರಿಗೆ, ಕಮ್ಮಿ ಬಿದ್ರೆ ಯಾರು ಎಷ್ಟು ಹಾಕ್ಬೇಕು, ಇದನ್ನ ಕಾರ್ಯಕ್ರಮಕ್ಕೆ ಮೊದ್ಲೇ. ಉಳಿದ್ರೆ ಏನು ಅಂತ ಎಲ್ಲರೂ ಬರೀತಾರೆ, ಕಮ್ಮಿ ಬಿದ್ರೆ ಏನು ಅಂತ ಯಾರೂ ಬರೆಯಲ್ಲ. ದೇಣಿಗೆ ಕೊಟ್ಟೋರಿಗೆ ತೆರಿಗೆ ವಿನಾಯಿತಿ ಸಿಗೋ ರಸೀದಿ (80ಜಿ ರಸೀದಿ ಅಂತಾರೆ) ಕೊಡೋ ಸಂಸ್ಥೆ ಒಂದೇ ಆಗಿದ್ರೆ ಆ ದೇಣಿಗೆ ಅವರ ಲೆಕ್ಕಕ್ಕೇ ಬರ್ಬೇಕು, ಅವರ ರಸೀದೀಲಿ ನಮ್ಮ ಖಾತೆಗೆ ದುಡ್ಡು ಹಾಕಿಸ್ಕೊಳ್ಳೋದು ಆಗಲ್ಲ.

ಹೊರದೇಶದ ದುಡ್ಡಿನ ವಿಷಯದಲ್ಲಿ ತುಂಬಾ ಹುಷಾರಾಗಿರಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರೋ ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೇನ ಇನ್ನೊಂದು ಸಂಸ್ಥೆಗೆ ದಾಟಿಸೋದನ್ನ 2020ರ ತಿದ್ದುಪಡಿ ನಿಲ್ಲಿಸಿದೆ, ಹಂಗಾಗಿ "ಅವರು ತಗೊಂಡು ನಮಗೆ ಕೊಡ್ತಾರೆ" ಅನ್ನೋ ಸಾಲು ಒಪ್ಪಂದದಲ್ಲಿ ಬರಂಗೇ ಇಲ್ಲ. ಊರಿನ ಹುಡುಗರು ಅಮೆರಿಕದಲ್ಲೋ ದುಬೈಯಲ್ಲೋ ಇದ್ದು ಗ್ರಂಥಾಲಯಕ್ಕೆ ದುಡ್ಡು ಕಳಿಸ್ತೀವಿ ಅಂತಾರೆ, ಅವರದ್ದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದು ಬ್ಯಾಂಕ್ ಮೂಲಕ ತಮ್ಮ ಸ್ವಂತ ಉಳಿತಾಯದಿಂದ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಲೆಕ್ಕಕ್ಕೆ ಬರಲ್ಲ, ಆ ದೇಶದ ಪೌರತ್ವ ತಗೊಂಡಿದ್ರೆ ಬರತ್ತೆ. ಪ್ರೀತಿಯಿಂದ ಕೊಡೋರನ್ನ ಪಾಸ್‌ಪೋರ್ಟ್ ಯಾವುದು ಅಂತ ಕೇಳೋದು ಮುಜುಗರ, ಆದ್ರೂ ಕೇಳಿ, ಆಡಿಟರ್ ಹತ್ರ ತೋರಿಸಿಯೇ ತಗೊಳ್ಳಿ.

ಅವಧಿ ಮತ್ತೆ ಕೈ ಬದಲಾವಣೆ

ಒಪ್ಪಂದಕ್ಕೆ ಕೊನೇ ದಿನ ಇರ್ಲಿ. ನಮ್ಮಲ್ಲಿ ಒಬ್ಬರಿಗೆ 3 ವರ್ಷ, ಹೆಚ್ಚು ಅಂದ್ರೆ ಎರಡು ಅವಧಿ. ಮೊದಲ್ನೇ ಸಲ ಮಾತ್ರ ನಂದು 2 ವರ್ಷ, ಅಕ್ಕಂದು 3 ವರ್ಷ ಅಂತ ಬೇಕೂಂತಲೇ ಹಿಂದೆ ಮುಂದೆ ಮಾಡಿದ್ವಿ, ಇಬ್ಬರೂ ಒಂದೇ ದಿನ ಇಳಿದ್ರೆ ಹೊಸಬರಿಗೆ ಹೇಳ್ಕೊಡೋರು ಇರಲ್ಲ ಅಂತ. ಇಳಿಯೋರು ಎರಡು ತಿಂಗಳು ಹೊಸಬರ ಪಕ್ಕದಲ್ಲೇ ಇರ್ಬೇಕು, ಬ್ಯಾಂಕಿಗೆ ಹೊಸ ಸಹಿ ಆಗೋದು, ರಿಜಿಸ್ಟ್ರಾರ್ ಆಫೀಸಿಗೆ ಹೊಸ ಪಟ್ಟಿ ಹೋಗೋದು ಎರಡೂ ಮುಗಿದ ಮೇಲೇ ಪೂರ್ತಿ ಬಿಡೋದು. ಮಧ್ಯದಲ್ಲೇ ಬಿಡಬೇಕಾದ್ರೆ 60 ದಿನ ಮುಂಚೆ ಬರೆದು ಕೊಡ್ಬೇಕು, ಕಾರಣ ಬರೆಯೋ ಅಗತ್ಯ ಇಲ್ಲ.

ನಮೂನೆ

ನಮ್ಮ ಒಪ್ಪಂದದ ಮುಖ್ಯ ಭಾಗ ಇದು, ನಕಲು ಮಾಡ್ಕೊಂಡು ನಿಮಗೆ ಬೇಕಾದಂಗೆ ತಿದ್ಕೊಳ್ಳಿ:

ಸಂಘದ ಕಾರ್ಯಕಾರಿ ಸಮಿತಿಯು ದಿನಾಂಕ ____ ರ ಸಭೆಯಲ್ಲಿ ಅಂಗೀಕರಿಸಿದ ಠರಾವಿನಂತೆ, ಅಧ್ಯಕ್ಷರು ಮತ್ತು ಕಾರ್ಯದರ್ಶಿ ಈ ಕೆಳಗಿನಂತೆ ಜವಾಬ್ದಾರಿ ಹಂಚಿಕೊಂಡು ಸಂಘವನ್ನು ನಡೆಸಲು ಒಪ್ಪಿದ್ದೇವೆ.

1. ಲಗತ್ತಿಸಿದ ಕೆಲಸದ ಪಟ್ಟಿಯಲ್ಲಿ ಪ್ರತಿ ಕೆಲಸದ ಮುಂದೆ ಹೆಸರಿರುವವರದೇ ಕೊನೆಯ ತೀರ್ಮಾನ.

2. "ಕೂತೇ ಮಾಡಬೇಕು" ಎಂದಿರುವ ವಿಷಯಗಳಲ್ಲಿ ಇಬ್ಬರ ಒಪ್ಪಿಗೆಯೂ ಬರಹದಲ್ಲಿ ಇರಬೇಕು.

3. ಖರ್ಚಿನ ಮಿತಿ ____ ಮತ್ತು ____ ರೂಪಾಯಿ. ಬ್ಯಾಂಕ್ ಖಾತೆಗೆ ಮೂವರಲ್ಲಿ ಇಬ್ಬರ ಸಹಿ.

4. ಸಂಘದ ಫೋನ್, ದಾಖಲೆ, ಬೀಗದ ಕೈ, ಪಾಸ್‌ವರ್ಡ್ ಇಬ್ಬರಿಗೂ ಸಿಗುವಂತಿರಬೇಕು.

5. ಒಮ್ಮತ ಬಾರದಿದ್ದರೆ ____ ಅವರ ಮುಂದೆ ಇಬ್ಬರೂ ಒಟ್ಟಿಗೆ ಮಾತಾಡುವುದು, ನಂತರ ಸಮಿತಿಯ ತೀರ್ಮಾನ. ಅಲ್ಲಿಯವರೆಗೆ ಯಥಾಸ್ಥಿತಿ.

6. ಬೈಲಾಗೂ ಈ ಒಪ್ಪಂದಕ್ಕೂ ವ್ಯತ್ಯಾಸ ಕಂಡರೆ ಬೈಲಾ ಅನ್ವಯಿಸುತ್ತದೆ.

7. ಅವಧಿ ____ ರಿಂದ ____ ರವರೆಗೆ. ಪ್ರತಿ ಏಪ್ರಿಲ್‌ನಲ್ಲಿ ಓದಿ ತಿದ್ದುವುದು.

ಕೆಳಗೆ ಇಬ್ಬರ ಸಹಿ, ಖಜಾಂಚಿ ಸಹಿ, ದಿನಾಂಕ. ಒಂದು ಪ್ರತಿ ಠರಾವು ಪುಸ್ತಕದಲ್ಲಿ ಅಂಟಿಸಿ, ಒಂದೊಂದು ಪ್ರತಿ ಇಬ್ಬರ ಮನೇಲೂ ಇರ್ಲಿ.

ಈ ಏಪ್ರಿಲಿಗೆ ನನ್ನ ಅವಧಿ ಮುಗೀತು. ನನ್ನ ಜಾಗಕ್ಕೆ ಬರ್ತಿರೋದು ಮೊದಲ ಶಿಬಿರಗಳಲ್ಲಿ ಮಗುವಾಗಿ ಬರ್ತಿದ್ದ ಹುಡುಗ, ಈಗ ಊರಲ್ಲೇ ಮೆಡಿಕಲ್ ಶಾಪ್ ಇಟ್ಟಿದಾನೆ. ಹೋದ ಭಾನುವಾರ ಮೂವರೂ ಕೂತು 43 ಕೆಲಸದ ಪಟ್ಟಿ ಓದಿದ್ವಿ, ಈಗ ಅದು 47 ಆಗಿದೆ, ನನ್ನ ಹೆಸರಿದ್ದ ಕಡೆಯೆಲ್ಲಾ ಅವನ ಹೆಸರು ಹಾಕ್ಕೊಂಡು ಬಂದ್ವಿ. ಆರು ಕೆಲಸ ತನಗೆ ಬರಲ್ಲ ಅಂದ, ಅದ್ರಲ್ಲಿ ನಾಲ್ಕು ಅಕ್ಕ ತಗೊಂಡ್ರು, ಎರಡು ಜೂನ್ ತನಕ ನನ್ನ ಹತ್ರನೇ ಇರತ್ತೆ.